ಸ್ಮಾರ್ಟ್ ಬೋರ್ಡಿನಲ್ಲಿ ಊರಿನ ಲೆಕ್ಕ



ಯರಗುಪ್ಪಿಯಂತಹ ಎರೆಭೂಮಿಯ ಊರಿನಲ್ಲಿ ಹಣವು ವರ್ಷವಿಡೀ ಒಂದೇ ಸಮನಾಗಿ ಬರುವುದಿಲ್ಲ. ಹೆಸರು, ಹತ್ತಿ, ಮೆಣಸಿನಕಾಯಿ ಮಾರಿದಾಗ ಬರುತ್ತದೆ; ಬಿತ್ತನೆಯ ಹೊತ್ತಿಗೆ ಕೈ ಬರಿದಾಗಿರುತ್ತದೆ. ಶಾಲೆಯ ಪಾಠದಲ್ಲಿ ಬಡ್ಡಿಯೆಂದರೆ ವರ್ಷಕ್ಕೆ ಶೇಕಡಾ ಇಷ್ಟು. ಊರಿನ ಮಾತಿನಲ್ಲಿ ಅದು ‘ನೂರಕ್ಕೆ ಮೂರು’, ಅದೂ ತಿಂಗಳಿಗೆ. ಈ ಮೂರು ವರ್ಷಕ್ಕೆ ಮೂವತ್ತಾರಾಗುತ್ತದೆಂಬುದು ಮಕ್ಕಳಿಗಿರಲಿ, ದೊಡ್ಡವರಿಗೂ ಒಮ್ಮೊಮ್ಮೆ ಹೊಳೆಯುವುದಿಲ್ಲ.

ತರಗತಿಯ ಸ್ಮಾರ್ಟ್ ಬೋರ್ಡ್ ನೆರವಿಗೆ ಬರುವುದು ಇಲ್ಲಿಯೇ. 10,000 ರೂಪಾಯಿ ಸಾಲಕ್ಕೆ ಈ ದರದಲ್ಲಿ ತಿಂಗಳಿಗೆ 300 ರೂಪಾಯಿ ಬಡ್ಡಿ. ಮಗುವೇ ಬೆರಳಿಟ್ಟು ತಿಂಗಳುಗಳನ್ನು ಮುಂದಕ್ಕೆ ಸರಿಸಲಿ. ಮೂರು ವರ್ಷ ಮುಗಿಯುವಾಗ ಕಟ್ಟಿದ ಬಡ್ಡಿ 10,800 ರೂಪಾಯಿ. ಅಸಲು ಹಾಗೆಯೇ ಉಳಿದಿದೆ! ಅದರ ಪಕ್ಕದಲ್ಲಿ ಸಹಕಾರ ಸಂಘದ ಬೆಳೆಸಾಲವನ್ನು ಇಟ್ಟು ನೋಡಬೇಕು. ಅಂತಹ ಸಂಘ ಈ ಸೀಮೆಗೆ ಹೊಸದಲ್ಲ. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ 1905ರಲ್ಲಿಯೇ ಕೃಷಿ ಪತ್ತಿನ ಸಂಘ ಹುಟ್ಟಿತು. ಸೀಮೆಸುಣ್ಣದಿಂದಲೂ ಈ ಲೆಕ್ಕ ಮಾಡಬಹುದು, ನಿಜ. ಆದರೆ ದರ ಬದಲಿಸಿದೊಡನೆ ಗೆರೆ ಏರುವುದನ್ನು ತಾನೇ ಕಂಡ ಮಗು ಮನೆಯಲ್ಲಿ ಪ್ರಶ್ನೆ ಕೇಳುತ್ತದೆ. ಬೋರ್ಡಿನಲ್ಲಿ ಬರಿಯ ವಿಡಿಯೋ ಹಚ್ಚಿ ಕೂರಿಸಿದರೆ ಅದು ಸಿನಿಮಾ, ಪಾಠವಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ತುರ್ತಿನದು. ಎಷ್ಟೋ ಮನೆಗಳಲ್ಲಿ ತಾಯಿಯ ಖಾತೆಗೆ ಗೃಹಲಕ್ಷ್ಮಿಯ ಹಣ ಬಂದಿದೆಯೇ ಎಂದು ಮೊಬೈಲಿನಲ್ಲಿ ನೋಡಿ ಹೇಳುವವರು ಮಕ್ಕಳೇ. ವಂಚಕನ ಕರೆಯನ್ನು ಮೊದಲು ಕೇಳುವುದೂ ಅವರ ಕಿವಿಯೇ. ಆದುದರಿಂದ ಫೋನಿನ ಪರದೆಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಮೂಡಿಸಿ, ಹಣ ಪಡೆಯಲು ಪಿನ್ ಎಂದಿಗೂ ಬೇಕಿಲ್ಲ, ಕಳುಹಿಸಲು ಮಾತ್ರ ಬೇಕು ಎಂಬುದನ್ನು ಮಕ್ಕಳಿಂದಲೇ ಮಾಡಿಸಿ ತೋರಿಸಬೇಕು. ನಿಜವಾದ ಖಾತೆಯನ್ನು ಮಾತ್ರ ಬಳಸಬಾರದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದು ಗೋಡೆಯ ಮೇಲೂ ಇರಲಿ.

ಹತ್ತು ವರ್ಷ ತುಂಬಿದ ಮಕ್ಕಳು, ಬ್ಯಾಂಕು ನಿಗದಿಪಡಿಸಿದ ಮಿತಿಯೊಳಗೆ, ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಮಕ್ಕಳ ಸಂತೆಯಲ್ಲಿ ತರಕಾರಿ ಮಾರಿ ಗಳಿಸಿದ ನಾಲ್ಕು ಕಾಸಿಗೆ ಅದೇ ಮೊದಲ ಖಾತೆಯಾಗಬಹುದು. ಸಂತೆಯ ಜಮಾ-ಖರ್ಚನ್ನು ಮರುದಿನ ಬೋರ್ಡಿನಲ್ಲಿ ತಾಳೆ ನೋಡಿದರೆ ಲಾಭವೆಷ್ಟು, ಅಪ್ಪನ ಹೊಲದಿಂದ ಪುಕ್ಕಟೆಯಾಗಿ ಬಂದ ಮಾಲಿನ ಬೆಲೆ ಎಷ್ಟು ಎಂಬುದೂ ಹೊರಬೀಳುತ್ತದೆ.

ಪಂಚಾಯತಿಯ ಪಾಲಿನ ಕೆಲಸ ದೊಡ್ಡದೇನಲ್ಲ. ಬೋರ್ಡು ಕೆಟ್ಟು ನಿಂತಿದೆಯೇ, ವಿದ್ಯುತ್ ಇದೆಯೇ ಎಂದು ಶಾಲಾಭಿವೃದ್ಧಿ ಸಮಿತಿಯೊಡನೆ ವಿಚಾರಿಸುವುದು. ಬೋರ್ಡ್ ಇಲ್ಲದ ಶಾಲೆಯ ಮಕ್ಕಳಿಗೆ ಅರಿವು ಕೇಂದ್ರದ ಕಂಪ್ಯೂಟರನ್ನು ತೆರೆದಿಡುವುದು. ಮುಂದಿನ ಮಕ್ಕಳ ಗ್ರಾಮಸಭೆಗೆ ಹತ್ತಿರದ ಬ್ಯಾಂಕಿನ ಅಧಿಕಾರಿಯನ್ನು ಕರೆಯುವುದು. ಅಂದು ಮಕ್ಕಳು ಕೇಳುವ ಪ್ರಶ್ನೆಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಬೇಕು.