ಬಟ್ಟೆಯ ಮಾತು ಬಲ್ಲವರು: ಕೊಲ್ಹಾಪುರದ ಭಾನು ಅಥೈಯಾ



ಜತ್ತದ ಸಂತೆಯಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು ಎದುರಾದರೆ, ಆಕೆ ಯಾವ ಕಡೆಯವಳು ಎಂದು ನೀವು ಹೇಗೆ ತಿಳಿಯುತ್ತೀರಿ? ಸೀರೆ ಇಳಕಲ್ಲಿನದೋ ಬೇರೆ ಮಗ್ಗದ್ದೋ, ಕಚ್ಚೆ ಹಾಕಿದ್ದಾಳೋ ಬರೀ ನಿರಿಗೆ ಹಿಡಿದಿದ್ದಾಳೋ, ಸೆರಗು ಯಾವ ಹೆಗಲ ಮೇಲಿದೆ, ಕುಪ್ಪಸ ಖಣದ್ದೋ ಅಲ್ಲವೋ, ಇಷ್ಟನ್ನು ನೋಡುತ್ತೀರಿ. ಕನ್ನಡದಲ್ಲಿ ಮಾತಾಡಿಸಬೇಕೋ ಮರಾಠಿಯಲ್ಲೋ ಎಂಬುದು ಆಕೆ ಬಾಯಿ ತೆರೆಯುವ ಮೊದಲೇ ನಿಮಗೆ ಹೊಳೆದಿರುತ್ತದೆ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಬಟ್ಟೆಯ ಮಾತು ಮೂರನೆಯ ಭಾಷೆ.

ಈ ಮೂರನೆಯ ಭಾಷೆಯನ್ನು ಚೆನ್ನಾಗಿ ಬಲ್ಲವರೊಬ್ಬರು ನಮ್ಮ ನೆರೆಯ ಕೊಲ್ಹಾಪುರದಲ್ಲೇ ಹುಟ್ಟಿದ್ದರು. ನಮ್ಮವರು ಅಂಬಾಬಾಯಿಯ ದರ್ಶನಕ್ಕೆ ಹೋಗುವ ಅದೇ ಕೊಲ್ಹಾಪುರ. ಅವರ ಹೆಸರು ಭಾನು ಅಥೈಯಾ. ಆಸ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು.

ಭಾನುಮತಿ ರಾಜೋಪಾಧ್ಯೆ ಹುಟ್ಟಿದ್ದು 1929ರ ಏಪ್ರಿಲ್ 28ರಂದು. ತಂದೆ ಅಣ್ಣಾಸಾಹೇಬರು ಚಿತ್ರಕಾರರು. ಕೊಲ್ಹಾಪುರದ ಹೆಸರಾಂತ ಬಾಬುರಾವ್ ಪೇಂಟರ್ ಅವರ ಚಲನಚಿತ್ರಗಳಲ್ಲಿ ಕೆಲಸ ಮಾಡಿದವರು. ಮಗಳಿಗೆ ಕುಂಚ ಹಿಡಿಯುವ ಆಸೆ ಹುಟ್ಟಿದ್ದು ಮನೆಯಲ್ಲೇ. ಆದರೆ ಬಾಲ್ಯದಲ್ಲೇ ತಂದೆ ತೀರಿಕೊಂಡರು. ಮನೆಯ ಯಜಮಾನ ಇಲ್ಲದ ಹೊತ್ತಿನಲ್ಲಿ, ಆ ಕಾಲದಲ್ಲಿ, ಹೆಣ್ಣುಮಗಳೊಬ್ಬಳು ಮುಂಬಯಿಗೆ ಹೋಗಿ ಚಿತ್ರಕಲೆ ಕಲಿಯುವುದೆಂದರೆ ಎಷ್ಟು ದೊಡ್ಡ ಹೆಜ್ಜೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾನು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಗೆ ಸೇರಿ ಚಿನ್ನದ ಪದಕ ಪಡೆದರು. 1953ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನ ದೊಡ್ಡ ಕಲಾವಿದರ ಜೊತೆಗೆ ಅವರ ಚಿತ್ರಗಳೂ ಪ್ರದರ್ಶನಗೊಂಡವು. ಆದರೆ ಹೊಟ್ಟೆಪಾಡಿನ ದಾರಿ ಬೇರೆ ಕಡೆಯಿಂದ ತೆರೆಯಿತು. ಹೆಂಗಸರ ಪತ್ರಿಕೆಗಳಿಗೆ ಉಡುಪಿನ ಚಿತ್ರ ಬರೆಯುವ ಕೆಲಸ ಸಿಕ್ಕಿತು. ‘ಈವ್ಸ್ ವೀಕ್ಲಿ’ಯ ಸಂಪಾದಕಿ ಒಂದು ಬಟ್ಟೆಯಂಗಡಿ ತೆರೆದಾಗ, ಕಾಗದದ ಮೇಲೆ ಬರೆದದ್ದನ್ನು ಬಟ್ಟೆಯಲ್ಲೂ ಮಾಡಿ ತೋರಿಸು ಎಂದರು. ಆ ಅಂಗಡಿಗೆ ಸಿನಿಮಾ ನಟಿಯರು ಬರತೊಡಗಿದರು. ಅಲ್ಲಿಂದ ಭಾನು ಅವರ ಕೈ ಸಿನಿಮಾಕ್ಕೆ ಹೊರಳಿತು.

1956ರಲ್ಲಿ ಗುರುದತ್ತರ ‘ಸಿ.ಐ.ಡಿ.’ ಬಂತು. ಮುಂದೆ ‘ಪ್ಯಾಸಾ’, ‘ಸಾಹಿಬ್ ಬೀಬಿ ಔರ್ ಗುಲಾಮ್’, ‘ಗೈಡ್’ ಹೀಗೆ ನೂರಕ್ಕೂ ಹೆಚ್ಚು ಚಿತ್ರಗಳು. 1966ರ ‘ಆಮ್ರಪಾಲಿ’ ಪ್ರಾಚೀನ ವೈಶಾಲಿಯ ಕಥೆ. ಆ ಕಾಲದವರ ಉಡುಪನ್ನು ಯಾರು ಕಂಡವರು? ಭಾನು ಅಜಂತಾ ಗವಿಗಳಿಗೆ ಹೋಗಿ, ಗೋಡೆಯ ಚಿತ್ರಗಳಲ್ಲಿ ಜನ ಏನು ಉಟ್ಟಿದ್ದಾರೆ, ಹೇಗೆ ಉಟ್ಟಿದ್ದಾರೆ ಎಂದು ನೋಡಿಬಂದರು. ವೈಜಯಂತಿಮಾಲಾ ಉಟ್ಟ ಉಡುಪು ಹುಟ್ಟಿದ್ದು ಅಲ್ಲಿಂದ.

ಇನ್ನು ‘ಗಾಂಧಿ’ ಚಿತ್ರದ ಮಾತು. ರಿಚರ್ಡ್ ಅಟೆನ್‌ಬರೋ ನಿರ್ದೇಶಿಸಿದ ಈ ಚಿತ್ರ 1982ರಲ್ಲಿ ತೆರೆಗೆ ಬಂತು. ಬಟ್ಟೆಯ ಮಾತು ತಿಳಿಯದವರಿಗೆ ಗಾಂಧೀಜಿಯ ಕಥೆ ಅರ್ಧವೇ ತಿಳಿದೀತು. ದಕ್ಷಿಣ ಆಫ್ರಿಕಕ್ಕೆ ಹೋದ ವಕೀಲರು ತೊಟ್ಟದ್ದು ಕೋಟು, ಟೈ. 1915ರಲ್ಲಿ ಮುಂಬಯಿ ಬಂದರಿನಲ್ಲಿ ಇಳಿದಾಗ ಕಾಠಿಯಾವಾಡದ ಅಂಗಿ, ರುಮಾಲು. 1921ರಲ್ಲಿ ಮಧುರೆಯಲ್ಲಿ ಅದೂ ಹೋಗಿ ಮೊಣಕಾಲ ಮೇಲಿನ ತುಂಡು ಪಂಚೆ. ಬಟ್ಟೆ ಕಡಿಮೆಯಾದಂತೆ ಮನುಷ್ಯ ದೊಡ್ಡವನಾದ. ಇದನ್ನು ತೆರೆಯ ಮೇಲೆ ನಂಬುವಂತೆ ತೋರಿಸಬೇಕಿತ್ತು. ಜೊತೆಗೆ ಕಸ್ತೂರಬಾ ಇದ್ದಾರೆ, ನೆಹರೂ ಇದ್ದಾರೆ, ಚಂಪಾರಣ್ಯದ ರೈತರಿದ್ದಾರೆ, ಉಪ್ಪಿನ ಸತ್ಯಾಗ್ರಹಿಗಳಿದ್ದಾರೆ. ಹಿಂದು ಯಾರು, ಮುಸಲ್ಮಾನ ಯಾರು, ಗುಜರಾತಿ ಯಾರು, ಬಿಹಾರಿ ಯಾರು ಎಂಬುದು ಉಡುಪಿನಲ್ಲೇ ಕಾಣಬೇಕು. ಅಂಗಡಿಯ ಹೊಸ ಬಟ್ಟೆ ತೊಡಿಸಿದರೆ ರೈತ ರೈತನಂತೆ ಕಾಣುವುದಿಲ್ಲ. ಬಿಸಿಲಿಗೆ ಮಾಸಿದ, ಒಗೆದೊಗೆದು ಸವೆದ ಬಟ್ಟೆಯೇ ಬೇಕು. ಜಾನ್ ಮೊಲ್ಲೋ ಎಂಬ ಇಂಗ್ಲಿಷರ ಜೊತೆಗೂಡಿ ಭಾನು ಈ ಕೆಲಸ ಪೂರೈಸಿದರು. 1983ರ ಏಪ್ರಿಲ್ 11ರಂದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಇಬ್ಬರಿಗೂ ಆಸ್ಕರ್ ಬಂತು.

ಪ್ರಶಸ್ತಿ ಬಂತೆಂದು ಅವರು ಕೈಕಟ್ಟಿ ಕೂರಲಿಲ್ಲ. ‘ಲೇಕಿನ್’ ಚಿತ್ರಕ್ಕೂ 2001ರ ‘ಲಗಾನ್’ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ ಪಡೆದರು. ‘ಲಗಾನ್’ ಬರುವಾಗ ಅವರಿಗೆ ಎಪ್ಪತ್ತು ದಾಟಿತ್ತು. 2010ರಲ್ಲಿ ತಮ್ಮ ಕಸುಬಿನ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೂ ಹೊರತಂದರು.

ಆದರೆ 2012ರಲ್ಲಿ ನಡೆದ ಒಂದು ಸಂಗತಿ ನನ್ನ ಮನಸ್ಸನ್ನು ಕಲಕುತ್ತದೆ. ಭಾನು ಅವರು ತಮ್ಮ ಆಸ್ಕರ್ ಪ್ರತಿಮೆಯನ್ನು ಅದನ್ನು ಕೊಟ್ಟ ಅಮೆರಿಕದ ಅಕಾಡೆಮಿಗೇ ಹಿಂದಿರುಗಿಸಿದರು. ಮುನಿಸಿನಿಂದ ಅಲ್ಲ. ತಮ್ಮ ನಂತರ ಅದು ಇಲ್ಲಿ ಜೋಪಾನವಾಗಿ ಉಳಿದೀತೇ ಎಂಬ ಚಿಂತೆಯಿಂದ. 2020ರ ಅಕ್ಟೋಬರ್ 15ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಅವರು ಮುಂಬಯಿಯಲ್ಲಿ ತೀರಿಕೊಂಡರು.

ಅವರ ಚಿಂತೆ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲೇ ಹೀಗಾಗಿದೆ. ಅಜ್ಜಿ ಮದುವೆಯಲ್ಲಿ ಉಟ್ಟ ಇಳಕಲ್ ಸೀರೆಯೊಂದಿತ್ತು, ತೋಪು ತೆನೆಯ ಕೆಂಪು ಸೆರಗಿನದು. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದ ದಿನ ಅದು ಹೋಯಿತು. ಬದಲಿಗೆ ಬಂದದ್ದು ಒಂದು ಸ್ಟೀಲಿನ ಡಬ್ಬಿ. ಕೊಟ್ಟವನು ನಾನೇ. ಮೊನ್ನೆ ಮೊಮ್ಮಗಳು ಶಾಲೆಯ ನಾಟಕಕ್ಕೆಂದು, ‘ಅಜ್ಜಾ, ನಿಮ್ಮ ಅಜ್ಜಿ ಕಚ್ಚೆ ಹೇಗೆ ಹಾಕತಿದ್ದಳು?’ ಎಂದು ಕೇಳಿದಳು. ತೋರಿಸಲು ಸೀರೆಯೂ ಇಲ್ಲ, ಉಡಿಸಲು ಬಲ್ಲವರೂ ಮನೆಯಲ್ಲಿ ಉಳಿದಿಲ್ಲ. ಡಬ್ಬಿ ಮಾತ್ರ ಇದೆ.

ಭಾನು ಅವರಿಗೆ ಅಜಂತಾದ ಗೋಡೆಯಾದರೂ ಇತ್ತು. ನಮ್ಮ ಅಜ್ಜಿಯರ ಉಡುಗೆಗೆ ಗೋಡೆ ಯಾವುದು? ಟ್ರಂಕಿನ ತಳದ ಸೀರೆ, ಅದನ್ನು ಉಡಲು ಬಲ್ಲ ಮುದುಕಿ, ಇಷ್ಟೇ. ಹಳೆ ಸೀರೆ ಕೌದಿಯಾಗುವುದು ತಪ್ಪಲ್ಲ, ಅದು ನಮ್ಮ ಪದ್ಧತಿ. ಆದರೆ ಕತ್ತರಿ ಹಾಕುವ ಮುನ್ನ ಒಮ್ಮೆ ಆ ಸೀರೆಯನ್ನು ಮನೆಯ ಹುಡುಗಿಗೆ ಉಡಿಸಿ. ಯಾರದು, ಯಾವ ಊರ ಮಗ್ಗದ್ದು, ಯಾವ ಮದುವೆಯದು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಕನ್ನಡದಲ್ಲಿ ಬರೆಯಿರಿ, ಮರಾಠಿಯಲ್ಲಾದರೂ ಬರೆಯಿರಿ. ಸೀರೆಗೆ ಎರಡೂ ತಿಳಿಯುತ್ತದೆ.

ಮುಂದೆ ಎಂದಾದರೂ ನಮ್ಮ ಸೀಮೆಯ ಕಥೆಯನ್ನು ಯಾರಾದರೂ ತೆರೆಯ ಮೇಲೆ ತರಲು ಹೊರಟಾಗ, ನಿಮ್ಮ ಆ ಚೀಟಿ ಕೆಲಸಕ್ಕೆ ಬಂದೀತು.