ಎಷ್ಟು ಬೆಕೆರೆಲ್, ಯಾವ ಮೀನಿನಲ್ಲಿ?



ಚೆನ್ನೈನ ನುಂಗಂಬಾಕ್ಕಂನ ಈ ಕನ್ನಡ ಸಭೆಗೆ ವಿಷಯ ವಿಜ್ಞಾನದ್ದಾಗಿರಲಿ, ಮಾತು ಮನೆಯಲ್ಲಿ ಆಡುವ ಕನ್ನಡವಾಗಿರಲಿ ಎಂದು ಸಂಘಟಕರು ಹೇಳಿದಾಗ ನಾನು ಟ್ಯೂನಾ ಮೀನನ್ನು ಆರಿಸಿಕೊಂಡೆ. ಮೀನು ಮುಟ್ಟದವರು ಈ ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚಿರಬಹುದು. ಅವರ ಕ್ಷಮೆ ಕೇಳಲಾರೆ. ವಿಕಿರಣದ ಸುದ್ದಿ ಓದಿ ಹೆದರಲು ಮೀನು ತಿನ್ನಲೇಬೇಕೆಂದೇನೂ ಇಲ್ಲ.

ಟ್ಯೂನಾ ನಮಗೆ ಪರದೇಶಿ ಮೀನಲ್ಲ. ನಮ್ಮ ಕರಾವಳಿಯವರ ಕೇದರ್ ಅದೇ, ಇಲ್ಲಿಯ ಕಾಸಿಮೇಡು ಬಂದರಿನ ಸೂರೈಯೂ ಅದೇ. ಆದರೆ ಚೆನ್ನೈನ ಮನೆಗಳಿಗೆ ಬೇಕಾದದ್ದು ವಂಜರಂ, ಅಂದರೆ ನಮ್ಮ ಅಂಜಲ್. ಟ್ಯೂನಾದ ಮಾಂಸ ಕೆಂಪು, ರಕ್ತದ ವಾಸನೆ ಜಾಸ್ತಿ ಎಂದು ಮೂಗು ಮುರಿಯುವವರೇ ಹೆಚ್ಚು. ಈ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಹಿಡಿದ ಕೂಡಲೇ ಕೊಂದು, ರಕ್ತ ಬಸಿದು, ಮಂಜುಗಡ್ಡೆಗೆ ಹಾಕದಿದ್ದರೆ ಮಾಂಸ ತನ್ನ ಬಿಸಿಗೇ ಕೆಡುತ್ತದೆ. ಉದ್ದ ಹಗ್ಗಕ್ಕೆ ನೂರಾರು ಗಾಳ ಸಾಲಾಗಿ ಕಟ್ಟಿ ಆಳಸಮುದ್ರದಲ್ಲಿ ಬಿಡುವುದು ಇದನ್ನು ಹಿಡಿಯುವ ರೀತಿ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನವರು ಈ ಕೆಲಸದಲ್ಲಿ ಎತ್ತಿದ ಕೈ. ಪಾಕ್ ಕೊಲ್ಲಿಯ ಟ್ರಾಲ್ ಬೋಟ್‌ಗಳನ್ನು ಬಿಡಿಸಿ ಅಲ್ಲಿಯವರಿಗೂ ಟ್ಯೂನಾ ಬೋಟ್ ಕೊಡಿಸುವ ಯೋಜನೆಯನ್ನು 2017ರಲ್ಲಿ ಸರ್ಕಾರ ಶುರು ಮಾಡಿತು. ಒಂದು ಬೋಟಿಗೆ ಆಗ ಲೆಕ್ಕ ಹಾಕಿದ ಬೆಲೆ 80 ಲಕ್ಷ ರೂಪಾಯಿ. ಸಾಲ ಮಾಡಿ ಅಷ್ಟು ದೂರ ಹೋಗುವವನ ಹೊಟ್ಟೆಪಾಡು ಪತ್ರಿಕೆಯ ಒಂದು ತಲೆಬರಹದ ಮೇಲೆ ನಿಂತಿರುತ್ತದೆ. ನನ್ನ ಕಾಳಜಿ ಇರುವುದು ಅಲ್ಲಿ.

ನಮ್ಮ ಕಡಲಿನ ದೊಡ್ಡ ಟ್ಯೂನಾ ಎಂದರೆ ಹಳದಿ ರೆಕ್ಕೆಯದು. ದೈತ್ಯ ಎನ್ನಿಸಿಕೊಳ್ಳುವುದು ಪೆಸಿಫಿಕ್‌ನ ನೀಲಿ ರೆಕ್ಕೆಯ ಟ್ಯೂನಾ. ಮೂರು ಮೀಟರ್ ಉದ್ದ, ನಾನೂರು ಕಿಲೋ ದಾಟುವುದೂ ಉಂಟು. 2019ರ ಜನವರಿ 5ರಂದು ಟೋಕಿಯೋದ ತೊಯೋಸು ಮಾರುಕಟ್ಟೆಯಲ್ಲಿ 278 ಕಿಲೋದ ಒಂದು ಮೀನು 33.36 ಕೋಟಿ ಯೆನ್‌ಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಕೋಟಿ ರೂಪಾಯಿಗೂ ಮೇಲೆ. ಆ ಮೀನು ಬಂದದ್ದು ಉತ್ತರ ಜಪಾನಿನ ಓಮಾ ಎಂಬ ಊರಿನ ಕಡಲಿನಿಂದ. ಅದೇ ಓಮಾದಲ್ಲಿ 2008ರಿಂದ ಒಂದು ಪರಮಾಣು ಸ್ಥಾವರ ಕಟ್ಟಲಾಗುತ್ತಿದೆ, 2011ರ ಫುಕುಶಿಮಾ ಪರಮಾಣು ಸ್ಥಾವರದ ದುರಂತದ ಮೇಲೆ ಕುಂಟುತ್ತಾ ಸಾಗಿದೆ. ಜಗತ್ತಿನ ಅತ್ಯಂತ ದುಬಾರಿ ಮೀನು ಮತ್ತು ಜನ ಅತ್ಯಂತ ಹೆಚ್ಚು ಹೆದರುವ ಕಾರ್ಖಾನೆ ಒಂದೇ ಊರಿನಲ್ಲಿವೆ.

ಮೀನಿನಲ್ಲಿ ವಿಕಿರಣ ಎಂಬ ಈ ಭಯಕ್ಕೆ ಒಂದು ಹುಟ್ಟಿದ ದಿನವಿದೆ. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬ್ ಅಂದಾಜು ಮೀರಿ 15 ಮೆಗಾಟನ್ ಬಲದಿಂದ ಸಿಡಿಯಿತು. ದೂರದಲ್ಲಿ, ಅಪಾಯವಲಯವೆಂದು ಘೋಷಿಸಿದ ಗೆರೆಯ ಹೊರಗೆ, ಜಪಾನಿನ ಒಂದು ಟ್ಯೂನಾ ದೋಣಿ ಗಾಳದ ಹಗ್ಗ ಬಿಟ್ಟು ಕಾಯುತ್ತಿತ್ತು. ಫುಕುರ್ಯು ಮಾರು ಅದರ ಹೆಸರು. ಮೇಲಿನಿಂದ ಬಿಳಿ ಬೂದಿ ಸುರಿಯಿತು. ಸುಟ್ಟು ಪುಡಿಯಾದ ಹವಳ ಅದು. 23 ಮಂದಿ ಅದರಲ್ಲೇ ನಿಂತು ಹಗ್ಗ ಎಳೆದರು. ಮಾರ್ಚ್ 14ಕ್ಕೆ ಯಾಯಿಜು ಬಂದರು ಸೇರಿದರು, ಮೀನು ಮಾರುಕಟ್ಟೆಗೆ ಹೋಯಿತು. ಎರಡು ದಿನ ಬಿಟ್ಟು ಯೋಮಿಯುರಿ ಪತ್ರಿಕೆ ಸುದ್ದಿ ಒಡೆಯಿತು. ತ್ಸುಕಿಜಿ ಮಾರುಕಟ್ಟೆಯವರು ಆ ಮೀನನ್ನು ಗುಂಡಿ ತೋಡಿ ಹೂತರು. ಅಣುಬಾಂಬಿನ ಟ್ಯೂನಾ ಎಂಬ ಹೆಸರು ಆಗಲೇ ಹುಟ್ಟಿತು.

ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್ ಏನು ಹೇಳಿದರು ಗೊತ್ತೇ? ದೋಣಿ ಅಪಾಯವಲಯದ ಒಳಗೇ ಇದ್ದಿರಬೇಕು, ಚರ್ಮದ ಗಾಯಗಳು ಹವಳದ ರಾಸಾಯನಿಕದಿಂದ ಆಗಿರಬಹುದು ಎಂದು. ಆ ದೋಣಿಯ ರೇಡಿಯೋ ಆಪರೇಟರ್ ಕುಬೋಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಪತ್ರಿಕೆ ಸರಿಯಾಗಿತ್ತು, ಅಧಿಕಾರಿ ತಪ್ಪಾಗಿದ್ದರು. ಮಾಧ್ಯಮದ ಭಯವನ್ನು ಬರೀ ಗುಲ್ಲು ಎಂದು ತಳ್ಳಿಹಾಕುವ ವಿಜ್ಞಾನಿ ಮಿತ್ರರಿಗೆ ನಾನು ಮೊದಲು ನೆನಪಿಸುವುದು ಇದನ್ನೇ. ಅದೇ ವರ್ಷದ ಏಪ್ರಿಲ್ 2ರಂದು ನೆಹರೂ ಲೋಕಸಭೆಯಲ್ಲಿ ಬಾಂಬ್ ಪರೀಕ್ಷೆಗಳನ್ನು ಸದ್ಯಕ್ಕೆ ನಿಲ್ಲಿಸಿ ಎಂದು ಕೇಳಿದರು. ಈ ನಗರದ ರಾಜಾಜಿ ಎಂಬತ್ತು ದಾಟಿದ ಮೇಲೆ, 1962ರಲ್ಲಿ, ಅದೇ ಬೇಡಿಕೆ ಹೊತ್ತು ಕೆನಡಿಯವರನ್ನು ಕಂಡು ಬಂದರು.

ಇನ್ನು 2011. ಫುಕುಶಿಮಾ ಆದ ಐದು ತಿಂಗಳಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಳಿ ಹಿಡಿದ 15 ನೀಲಿ ರೆಕ್ಕೆಯ ಟ್ಯೂನಾಗಳನ್ನು ಡೇನಿಯಲ್ ಮ್ಯಾಡಿಗನ್, ನಿಕೊಲಸ್ ಫಿಶರ್ ಮತ್ತವರ ಸಂಗಡಿಗರು ಪರೀಕ್ಷಿಸಿದರು. ಹದಿನೈದರಲ್ಲೂ ವಿಕಿರಣಶೀಲ ಸೀಸಿಯಂ ಇತ್ತು. ಜಪಾನಿನ ಬಳಿ ಹುಟ್ಟಿದ ಮರಿಗಳು ಇಡೀ ಪೆಸಿಫಿಕ್ ಈಜಿ ಬಂದಿದ್ದವು. ಸೀಸಿಯಂ-134 ಎರಡು ವರ್ಷಕ್ಕೆ ಅರ್ಧವಾಗುವ ವಸ್ತು. ಹಳೆಯ ಬಾಂಬ್ ಪರೀಕ್ಷೆಗಳದ್ದು ಎಂದೋ ಕರಗಿಹೋಗಿರುವುದರಿಂದ ಮೀನಿನೊಳಗೆ ಅದು ಸಿಕ್ಕರೆ ಫುಕುಶಿಮಾದ್ದೇ. ಸಂಶೋಧಕರ ಕುತೂಹಲ ವಲಸೆಯ ದಾರಿ ತಿಳಿಯುವುದರಲ್ಲಿತ್ತು. 2012ರ ಮೇ ತಿಂಗಳಲ್ಲಿ ಪ್ರಬಂಧ ಹೊರಬಿದ್ದಾಗ ಲೋಕ ಓದಿದ್ದು ಮಾತ್ರ ಒಂದೇ ಸಾಲು: ವಿಕಿರಣದ ಟ್ಯೂನಾ ಅಮೆರಿಕ ತಲುಪಿದೆ!

ಎಷ್ಟು ಇತ್ತು? ಒಣಗಿಸಿದ ಮಾಂಸದ ಕಿಲೋಗೆ ಸೀಸಿಯಂ-134, ಸೀಸಿಯಂ-137 ಎರಡೂ ಸೇರಿ ಸುಮಾರು 10 ಬೆಕೆರೆಲ್. ಬೆಕೆರೆಲ್ ಅಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. ಅದೇ ಮೀನಿನಲ್ಲಿ ಹುಟ್ಟಿನಿಂದಲೇ ಇರುವ ಪೊಟ್ಯಾಸಿಯಂ-40 ಸುಮಾರು 350 ಬೆಕೆರೆಲ್. ಈ ಕುರ್ಚಿಗಳಲ್ಲಿ ಕೂತಿರುವ ನಮ್ಮ ಒಬ್ಬೊಬ್ಬರ ಮೈಯಲ್ಲೂ ಅದು ನಾಲ್ಕು ಸಾವಿರದ ಆಸುಪಾಸು ಇದೆ. ಪ್ರಬಂಧ ಹೊರಬಿದ್ದ ಹೊತ್ತಿಗೆ ಜಪಾನ್ ಆಹಾರಕ್ಕೆ ಇಟ್ಟಿದ್ದ ಸೀಸಿಯಂ ಮಿತಿ ಕಿಲೋಗೆ 100 ಬೆಕೆರೆಲ್. ಆ ಹದಿನೈದು ಮೀನು ಹಿಡಿದ ಸಮಯದಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಹಿಡಿದ ಹಳದಿ ರೆಕ್ಕೆಯ ಟ್ಯೂನಾದಲ್ಲಿ ಸೀಸಿಯಂ-134 ಸಿಗಲೇ ಇಲ್ಲ, ಏಕೆಂದರೆ ಅದು ಜಪಾನಿನ ಕಡೆಗೆ ಹೋಗಿ ಬಂದ ಮೀನಲ್ಲ. ಜನರ ಗಾಬರಿ ಇಳಿಯದ್ದರಿಂದ ಫಿಶರ್ ತಂಡ 2013ರಲ್ಲಿ ಮತ್ತೊಂದು ಪ್ರಬಂಧ ಬರೆಯಬೇಕಾಯಿತು. ವರ್ಷವಿಡೀ ಆ ಟ್ಯೂನಾ ತಿಂದ ಸಾಮಾನ್ಯ ಅಮೆರಿಕನ್ನನಿಗೆ ಫುಕುಶಿಮಾದಿಂದ ಬರುವ ಪಾಲು 0.9 ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ ಇದು), ಮೀನನ್ನೇ ನೆಚ್ಚಿ ಬದುಕುವವನಿಗೆ 4.7. ಸಾರ್ವಜನಿಕರಿಗೆ ಸ್ಥಾವರಗಳಿಂದ ವರ್ಷಕ್ಕೆ ಬರಬಹುದಾದ ಮಿತಿ 1000 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಟ್ಯೂನಾದ ಒಳಗೆ ಸಹಜವಾಗಿಯೇ ಇರುವ ಪೊಲೋನಿಯಂ-210 ಸೀಸಿಯಂಗಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣ ಕೊಡುತ್ತದೆ. ಅದರ ಬಗ್ಗೆ ಯಾರೂ ತಲೆಬರಹ ಬರೆಯಲಿಲ್ಲ.

ಹಾಗಾದರೆ ಎಲ್ಲ ಮೀನೂ ನಿರಪಾಯವೇ? ಖಂಡಿತ ಅಲ್ಲ. 2012ರ ಆಗಸ್ಟ್‌ನಲ್ಲಿ ಫುಕುಶಿಮಾ ಕರಾವಳಿಯ ತಳದಲ್ಲಿ ವಾಸಿಸುವ ಐನಾಮೆ ಮೀನಿನಲ್ಲಿ ಕಿಲೋಗೆ 25,800 ಬೆಕೆರೆಲ್ ಸಿಕ್ಕಿತು. 2023ರಲ್ಲಿ ಸ್ಥಾವರದ ಬಂದರಿನೊಳಗೇ ಸಿಕ್ಕ ಒಂದು ಕಲ್ಲುಮೀನಿನಲ್ಲಿ 18,000 ಇತ್ತು. ಸಾವಿರಾರು ಮೈಲಿ ಅಲೆಯುವ ಟ್ಯೂನಾ ತನ್ನ ಸೀಸಿಯಂ ಅನ್ನು ದಾರಿಯುದ್ದಕ್ಕೂ ಕಳೆದುಕೊಳ್ಳುತ್ತಾ ಹೋಗುತ್ತದೆ. ಕೆಸರು ಬಿಡದೆ ಕೂತ ಮೀನಿನ ಮೈಗೆ ಅದು ದಿನವೂ ಸೇರುತ್ತಲೇ ಇರುತ್ತದೆ. ಹೆದರಬೇಕಾದ್ದು ಕೂತ ಮೀನಿಗೆ, ನಾವು ಹೆದರಿದ್ದು ಓಡುವ ಮೀನಿಗೆ.

ನಮ್ಮೂರಿಗೆ ಬರೋಣ. 2004ರ ಸುನಾಮಿಯ ಮರುದಿನದಿಂದ ಚೆನ್ನೈನಲ್ಲಿ ಮೀನು ಕೇಳುವವರಿರಲಿಲ್ಲ. ಮೀನು ಹೆಣ ತಿಂದಿದೆ ಎಂಬ ಮಾತು ಮನೆಮನೆಗೆ ಮುಟ್ಟಿತ್ತು. ಮನೆ, ದೋಣಿ, ಮಕ್ಕಳನ್ನು ಕಳೆದುಕೊಂಡ ಕುಪ್ಪಂಗಳ, ಅಂದರೆ ಮೀನುಗಾರರ ಕೇರಿಗಳ, ಜನ ಆಮೇಲೆ ಗಿರಾಕಿಯನ್ನೂ ಕಳೆದುಕೊಂಡರು. 2017ರ ಜನವರಿ 28ರಂದು ಎಣ್ಣೂರಿನ ಬಳಿ ಎರಡು ಹಡಗು ಡಿಕ್ಕಿಯಾಗಿ ಎಣ್ಣೆ ಹರಡಿದಾಗಲೂ, 2018ರಲ್ಲಿ ಮೀನು ಕೆಡದಂತೆ ಫಾರ್ಮಲಿನ್ ಹಾಕುತ್ತಾರೆಂಬ ಸುದ್ದಿ ಬಂದಾಗಲೂ ಇದೇ ಕಥೆ. ಎಣ್ಣೂರಿನ ಎಣ್ಣೆ ನಿಜ, ಫಾರ್ಮಲಿನ್‌ಗೂ ಪರೀಕ್ಷೆಯ ಆಧಾರವಿತ್ತು. ಆದರೆ ಯಾವ ಮೀನು, ಎಲ್ಲಿಯದು, ಎಷ್ಟು ಎಂದು ಕೇಳುವ ಮೊದಲೇ ಬುಟ್ಟಿ ಹೊತ್ತ ಹೆಂಗಸಿಗೆ ದಂಡ ಬಿದ್ದಿತ್ತು.

ಇಲ್ಲಿಂದ ಸುಮಾರು 70 ಕಿಲೋಮೀಟರ್ ದಕ್ಷಿಣಕ್ಕೆ ಕಲ್ಪಾಕ್ಕಂ ಪರಮಾಣು ಸ್ಥಾವರ. ಸುನಾಮಿಯ ದಿನ ಅಲ್ಲಿಯ ಪಂಪ್‌ಹೌಸಿಗೆ ನೀರು ನುಗ್ಗಿತು, ಓಡುತ್ತಿದ್ದ ಎರಡನೇ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ಕಲ್ಪಾಕ್ಕಂ, ಕರ್ನಾಟಕದ ಕೈಗಾ ಎರಡೂ ಭಾರಜಲ ಬಳಸುವ ಪರಮಾಣು ಸ್ಥಾವರಗಳು, ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂ ಅವುಗಳ ನಿತ್ಯದ ಸಂಗತಿ. 2009ರಲ್ಲಿ ಕೈಗಾ ಸಿಬ್ಬಂದಿ ಕುಡಿಯುವ ಕೂಲರ್ ನೀರಿನಲ್ಲಿ ಟ್ರಿಟಿಯಂ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ಸ್ಪರ್ಧಿಸಿ ಸೋತರು. ಕೂಡಂಕುಳಂ ಸ್ಥಾವರದ ವಿರುದ್ಧ ಇಡಿಂತಕರೈನ ಮೀನುಗಾರರು ತಿಂಗಳುಗಟ್ಟಲೆ ಧರಣಿ ಕೂತರು. ಇವರನ್ನೆಲ್ಲ ಅಜ್ಞಾನಿಗಳೆಂದು ಕರೆಯುವುದು ಸುಲಭ. ಸ್ಟ್ರಾಸ್ ಮಾಡಿದ್ದೂ ಅದನ್ನೇ.

ಸ್ಥಾವರಗಳ ಸುತ್ತ ಪರಿಸರ ಸರ್ವೇಕ್ಷಣಾ ಪ್ರಯೋಗಾಲಯಗಳಿವೆ, ಅವು ನೀರು, ಹಾಲು, ಮೀನು ಎಲ್ಲವನ್ನೂ ಅಳೆಯುತ್ತವೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವಾರ್ಷಿಕ ವರದಿಯಲ್ಲಿ ಲೆಕ್ಕವೂ ಬರುತ್ತದೆ, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಮಿತಿಯ ಶೇಕಡಾ ಇಷ್ಟು ಎಂದು. ಕಲ್ಪಾಕ್ಕಂ ಪಕ್ಕದ ಪುದುಪಟ್ಟಿನಂನ ಮೀನುಗಾರನಿಗಾಗಲಿ ಕಾರವಾರದ ಮೀನು ಮಾರುವವಳಿಗಾಗಲಿ ಅದು ತಲುಪುವ ದಾರಿಯಿಲ್ಲ. ಇದಕ್ಕೆ ಹೋಲಿಸಿ ನೋಡಿ: ಈ ಬಡಾವಣೆಯ ಕಾಲೇಜ್ ರಸ್ತೆಯಲ್ಲಿ ಹವಾಮಾನ ಕೇಂದ್ರವಿದೆ. 1792ರಲ್ಲಿ ಇದೇ ನುಂಗಂಬಾಕ್ಕಂನಲ್ಲಿ ಕಟ್ಟಿದ ವೀಕ್ಷಣಾಲಯದ ಮುಂದುವರಿಕೆ ಅದು. ನುಂಗಂಬಾಕ್ಕಂನಲ್ಲಿ ಇಷ್ಟು ಸೆಂಟಿಮೀಟರ್ ಮಳೆ ಎಂದರೆ ಚೆನ್ನೈ ನಂಬುತ್ತದೆ. ಅದರ ಮುನ್ಸೂಚನೆ ತಪ್ಪಿದಾಗ ಬೈಯುತ್ತದೆ, ಅಳತೆಯನ್ನು ಮಾತ್ರ ಅನುಮಾನಿಸುವುದಿಲ್ಲ. ಕಾರಣ, ಅದು ಒಳ್ಳೆಯ ದಿನವೂ ಕೆಟ್ಟ ದಿನವೂ ತಪ್ಪದೆ ಪ್ರಕಟವಾಗುತ್ತದೆ. ವಿಕಿರಣದ ಅಳತೆ ಜನರ ಕಿವಿಗೆ ಬೀಳುವುದು ಗಲಾಟೆ ಎದ್ದ ದಿನ ಮಾತ್ರ, ಅದೂ ಎಲ್ಲವೂ ಸರಿಯಿದೆ ಎಂಬ ಹೇಳಿಕೆಯ ಜೊತೆ.

ಇಷ್ಟೆಲ್ಲ ಕೇಳಿ ಟ್ಯೂನಾ ತಿನ್ನಬಹುದೇ ಎಂದು ಯಾರಾದರೂ ಕೇಳಿದರೆ, ತಿನ್ನಿ. ಬಸುರಿಯರು ಮತ್ತು ಚಿಕ್ಕ ಮಕ್ಕಳು ದೊಡ್ಡ ಟ್ಯೂನಾವನ್ನು ಕಡಿಮೆ ಮಾಡಲಿ. ಕಾರಣ ಸೀಸಿಯಂ ಅಲ್ಲ, ಪಾದರಸ. ಕಲ್ಲಿದ್ದಲು ಸುಟ್ಟ ಹೊಗೆಯಿಂದ ಕಡಲಿಗಿಳಿದು, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ಹೋಗುವ ವಿಷ ಅದು. ಬೂತಾಯಿ, ಬಂಗುಡೆಯಲ್ಲಿ ಆ ಚಿಂತೆ ತೀರಾ ಕಡಿಮೆ.

ನನ್ನ ಬೇಡಿಕೆ ಸಣ್ಣದು. ಕಲ್ಪಾಕ್ಕಂ ಮತ್ತು ಕೈಗಾದ ಮೀನಿನ ಅಳತೆಯನ್ನು ತಿಂಗಳಿಗೊಮ್ಮೆ, ಮೀನಿನ ಸ್ಥಳೀಯ ಹೆಸರಿನೊಂದಿಗೆ, ತಮಿಳಿನಲ್ಲೂ ಕನ್ನಡದಲ್ಲೂ ಹರಾಜುಕಟ್ಟೆಯ ಗೋಡೆಗೆ ಅಂಟಿಸಿ. ಅಂಕಿ ಹೆಚ್ಚಾದ ತಿಂಗಳೂ ಅಂಟಿಸಿ. ಪತ್ರಿಕೆಯ ಮಿತ್ರರು ಬೆಕೆರೆಲ್ ಬರೆಯುವಾಗ ಅದರ ಮಗ್ಗುಲಲ್ಲೇ ಮಿತಿಯನ್ನೂ, ಮೀನು ಹಿಡಿದ ಜಾಗವನ್ನೂ ಬರೆಯಲಿ. ಸಭೆಯಲ್ಲಿರುವ ನೀವು ಈ ಎರಡು ಮಾತನ್ನು ಒಂದೊಂದು ಕಾಗದದಲ್ಲಿ ಬರೆದು ನಿಯಂತ್ರಣ ಮಂಡಳಿಗೂ ನಿಮ್ಮ ಪತ್ರಿಕೆಯ ಸಂಪಾದಕರಿಗೂ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.