ಅಗಲಿಕೆಯ ದುಃಖ ಮತ್ತು ಭಾವಬಂಧ



ದಸರಾ ಆನೆಗಳ ಗಜಪಯಣ ಹೊರಡುವ ಈ ವೀರನಹೊಸಹಳ್ಳಿಯ ಜನರಿಗೆ ಮಾವುತನ ಮತ್ತು ಆನೆಯ ನಂಟನ್ನು ವಿವರಿಸಬೇಕಾಗಿಲ್ಲ. ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆಯೊಡನೆ ಸೆಣಸಿ ಮಡಿದಾಗ, ಅವನ ಮಾವುತನ ಗೋಳಾಟವನ್ನು ನಾಡೇ ಕಂಡಿತು. ನಂಟು ಇದ್ದಲ್ಲಿ ಅಗಲಿಕೆಯ ದುಃಖವೂ ಇರುವುದು ಸಹಜ. ಆದರೆ ಮನೆಯವರು ತೀರಿಕೊಂಡಾಗ ಆ ದುಃಖವು ಕೆಲವರಲ್ಲಿ ಕ್ರಮೇಣ ಶಮನಗೊಂಡರೆ, ಕೆಲವರಲ್ಲಿ ವರ್ಷ ಕಳೆದರೂ ಏಕೆ ಶಮನವಾಗದು?

ಈ ಪ್ರಶ್ನೆಗೆ ದಾರಿ ತೋರಿದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಹೆದರಿದ ಮಗು ತಾಯಿಯ ಮಡಿಲಿಗೆ ಓಡುತ್ತದೆ. ಸಮಾಧಾನವಾದೊಡನೆ ಆಟಕ್ಕೆ ಮರಳುತ್ತದೆ. ಈ ಭಾವಬಂಧವನ್ನೂ ಅದು ಕಡಿದಾಗ ಉಂಟಾಗುವ ಶೋಕವನ್ನೂ ಅವರು 1969ರಿಂದ 1980ರವರೆಗೆ ಪ್ರಕಟವಾದ ಮೂರು ಸಂಪುಟಗಳಲ್ಲಿ ವಿವರಿಸಿದರು. ವಯಸ್ಕರ ಸಂಬಂಧಗಳಲ್ಲಿಯೂ ಇಂತಹ ಬಂಧದ ರೀತಿಗಳನ್ನು ಅನಂತರದ ಸಂಶೋಧಕರು ಗುರುತಿಸಿದ್ದಾರೆ.

ಮೊದಲನೆಯದು ಭರವಸೆಯ ಬಂಧ. ಇಂಥವರು ಅಳುತ್ತಾರೆ, ನೆರವು ಕೇಳುತ್ತಾರೆ, ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ಎರಡನೆಯದು ಆತಂಕದ ಬಂಧ. ತನ್ನವರು ಎಲ್ಲಿ ಕೈಬಿಟ್ಟಾರೋ ಎಂಬ ಭಯದಲ್ಲೇ ಬಾಳಿದವರಿಗೆ, ಆಸರೆಯಾಗಿದ್ದವರ ಸಾವು ಆ ಭಯವನ್ನೇ ನಿಜಮಾಡಿದಂತಾಗುತ್ತದೆ. ದೀರ್ಘಕಾಲದ ಶೋಕವು ಇಂಥವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಮೂರನೆಯದು ದೂರವುಳಿಯುವ ಬಂಧ. ಇವರು ನೋವನ್ನು ಒಳಗೇ ಅದುಮಿ ದುಡಿಮೆಯಲ್ಲಿ ಮುಳುಗುತ್ತಾರೆ. ಇವರ ಶೋಕದ ಗತಿ ಎಲ್ಲರಲ್ಲಿಯೂ ಒಂದೇ ಬಗೆಯದಲ್ಲ.

ಆದುದರಿಂದ "ಗಂಡ ಸತ್ತರೂ ಕಣ್ಣೀರಿಲ್ಲ" ಎಂದು ಒಬ್ಬಳನ್ನು ಹಳಿಯುವುದೂ, "ಇನ್ನೆಷ್ಟು ದಿನ ಅಳುತ್ತೀಯೆ" ಎಂದು ಇನ್ನೊಬ್ಬಳನ್ನು ಗದರುವುದೂ ಸಲ್ಲದು. ಈ ರೀತಿಗಳು ಹಣೆಬರಹವೂ ಅಲ್ಲ. ನಂಬಿಕೆಗೆ ಅರ್ಹರಾದವರ ಒಡನಾಟದಿಂದ ಅವು ಬದಲಾಗಬಲ್ಲವು. ಹಠಾತ್ತಾದ ಅಥವಾ ಘೋರವಾದ ಸಾವು ಎಂಥವರನ್ನೂ ಕುಗ್ಗಿಸಬಲ್ಲುದೆಂಬುದನ್ನು ಕಾಡಂಚಿನ ನಾವು ಮರೆಯಬಾರದು.

ದುಃಖವೆಲ್ಲವೂ ರೋಗವಲ್ಲ. ತಿಥಿ, ಮಹಾಲಯದ ಎಡೆ ಮೊದಲಾದವುಗಳಲ್ಲಿ ಅಗಲಿದವರನ್ನು ನೆನೆಯುವುದು ಆರೋಗ್ಯಕರವೇ. ಆದರೆ ಆರು ತಿಂಗಳು ಮೀರಿಯೂ, ಸಮಾಜದ ವಾಡಿಕೆಯನ್ನು ದಾಟಿಯೂ, ತೀವ್ರವಾದ ಹಂಬಲ ಹಾಗೂ ಸಂಕಟ ಮುಂದುವರಿದು ನಿತ್ಯಜೀವನಕ್ಕೆ ಅಡ್ಡಿಯಾದರೆ ಅದನ್ನು ದೀರ್ಘಕಾಲಿಕ ಶೋಕದ ಕಾಯಿಲೆಯೆಂದು ಪರಿಗಣಿಸಲಾಗುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಇದು ಸೇರಿದೆ.

ಮನೆಯವರು ಹಾಗೂ ನೆರೆಹೊರೆಯವರು ಮಾಡಬೇಕಾದುದು ಇಷ್ಟು:

1. ಆತಂಕದ ಸ್ವಭಾವದವರ ಬಳಿಗೆ ಗೊತ್ತಾದ ದಿನ, ಗೊತ್ತಾದ ವೇಳೆಗೆ ತಪ್ಪದೆ ಹೋಗಿರಿ. ಬರುವೆನೆಂದು ಹೇಳಿ ತಪ್ಪಿಸುವುದು ಅವರ ಭಯವನ್ನು ಹೆಚ್ಚಿಸುತ್ತದೆ.

2. ಮೌನವಾಗಿರುವವರನ್ನು ಮಾತಿಗೆ ಒತ್ತಾಯಿಸಬೇಡಿರಿ. ಹೊಲದ ಕೆಲಸದಲ್ಲಿ ಜೊತೆಗೂಡಿರಿ. ಮಾತು ತಾನಾಗಿ ಬಂದೀತು.

3. ಊಟ, ನಿದ್ರೆ ಕೆಟ್ಟಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಈ ಶೋಕಕ್ಕೆಂದೇ ರೂಪಿಸಿದ ಆಪ್ತಸಮಾಲೋಚನೆಯಿಂದ ಗುಣ ಕಾಣಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು.

4. ಸಾಯುವ ಮಾತನ್ನಾಡಿದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ. ಕೀಟನಾಶಕಗಳನ್ನು ಕೈಗೆ ಸಿಗದಂತೆ ಇರಿಸಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಸಾವಿನ ಮನೆಗೆ ಮೊದಲ ದಿನ ಊರೇ ಬರುತ್ತದೆ. ಆರನೆಯ ತಿಂಗಳಿನಲ್ಲಿಯೂ ಆ ಬಾಗಿಲಿಗೆ ಹೋಗುವವರೊಬ್ಬರು ಪ್ರತಿಯೊಂದು ಬೀದಿಯಲ್ಲೂ ಇರಲೆಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.